ಚೂರಿ ತೋರಿಸಬೇಕಾ ಬೇಡ್ವಾ

ಗುಂಪು: ಎಂ.ಎ. ಇಂಗ್ಲಿಷ್ ಹಳೇ ಬ್ಯಾಚು

ಶೈಲಜಾ: [ಫೋಟೋ] ನಮ್ಮ ಬಿ.ಎ. ಇಂಗ್ಲಿಷ್ ಮೇಜರ್ ಹುಡುಗಿ ಮೀಡಿಯಾ ಪೇಪರ್‌ಗೆ ಮಾಡಿದ ಅಸೈನ್‌ಮೆಂಟ್. ಶೇಕ್ಸ್‌ಪಿಯರ್ ನಾಟಕದಲ್ಲಿ ಮ್ಯಾಕ್‌ಬೆತ್‌ಗೆ ಇಲ್ಲದ ಚೂರಿ ಕಾಣುವ ದೃಶ್ಯವನ್ನು ಹತ್ತು ಶಾಟ್‌ಗೆ ಒಡೆದು ಸ್ಟೋರಿಬೋರ್ಡ್ ಬರೆಯಿರಿ, ಅಂದರೆ ಶಾಟ್‌ಗೊಂದು ಚೌಕದಲ್ಲಿ ಚಿತ್ರ, ಅಂತ ಕೊಟ್ಟಿದ್ದೆ. ನೋಟ್‌ಬುಕ್ ಹಾಳೆ, ಬಾಲ್‌ಪೆನ್ನು. ಹೇಗಿದೆ ನೋಡಿ.

ನಾಗರಾಜ: ಚೆನ್ನಾಗಿದೆ. ಡ್ರಾಯಿಂಗ್ ಮೇಷ್ಟ್ರು ಯಾರು?

ಶೈಲಜಾ: ಸುಮ್ನೆ ಕೊಂಕು ತೆಗೆಯಬೇಡ.

ನಾಗರಾಜ: ಕೊಂಕಲ್ಲ ಮಾರಾಯ್ತಿ. ಸಿನಿಮಾ ಬೇಕಾದವರು ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿಗೆ ಹೋಗಲಿ, ಪತ್ರಿಕೆ ಬೇಕಾದವರು ಜರ್ನಲಿಸಂ ತೆಗೆದುಕೊಳ್ಳಲಿ. ಇಂಗ್ಲಿಷ್ ಮೇಜರ್ ಅಂತ ಸೇರಿಸಿಕೊಂಡು ಪಾಡ್‌ಕಾಸ್ಟು, ರೀಲ್ಸು, ಸ್ಟೋರಿಬೋರ್ಡು ಅಂದರೆ ಮಿಲ್ಟನ್ ಓದಿಸೋಕೆ ಸೋಮಾರಿತನ ಅಷ್ಟೇ. ಈಜು ಬಾರದವನಿಗೆ ದೋಣಿಗೆ ಬಣ್ಣ ಹೊಡಿ ಅಂದ ಹಾಗೆ.

ರಫೀಕ್: ನಾನು ಅರ್ಧ ನಾಗನ ಕಡೆ. ನಮ್ಮ ಆಫೀಸಿಗೆ ಇಂಟರ್‌ವ್ಯೂಗೆ ಬರುವ ಹುಡುಗರು ಮೊಬೈಲಲ್ಲೇ ಎರಡು ನಿಮಿಷದಲ್ಲಿ ಎಡಿಟಿಂಗ್ ಮುಗಿಸುತ್ತಾರೆ. ವಿಡಿಯೋ ಕೆಳಗೆ ನಾಲ್ಕು ಸಾಲು ಬರೆಯಪ್ಪಾ ಅಂದರೆ ಬೆವರುತ್ತಾರೆ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ.

ಶೈಲಜಾ: ಆ ಮಾತು ನಿಜ. ಆದರೆ ಇದನ್ನು ನೋಡಿ. ನಾವು ಆ ಚೂರಿ ಬಗ್ಗೆ ಪರೀಕ್ಷೆಯಲ್ಲಿ ಏನು ಬರೆದಿದ್ದೆವು? ಮನಸ್ಸಿನ ಭ್ರಮೆ ಅಂತ ಒಂದು ಸಾಲು, ಅದೂ ಗೈಡಿನಿಂದ ಎತ್ತಿದ್ದು. ಶಾಟ್ ಮಾಡಬೇಕು ಅಂದ ತಕ್ಷಣ ತಪ್ಪಿಸಿಕೊಳ್ಳೋಕೆ ಆಗಲ್ಲ. ಚೂರಿ ತೋರಿಸಬೇಕಾ ಬೇಡ್ವಾ? ತೋರಿಸಿದರೆ ಅವನ ಭ್ರಮೆ ನಮಗೂ ಬಂತು. ತೋರಿಸದಿದ್ದರೆ ಅವನನ್ನು ಹೊರಗಿನಿಂದ ನೋಡುತ್ತಾ ಕೂತೆವು. ಕ್ಲಾಸಲ್ಲಿ ಮುಕ್ಕಾಲು ಗಂಟೆ ಜಗಳ. ಪೋಲಾನ್‌ಸ್ಕಿ 1971ರ ತನ್ನ ಮ್ಯಾಕ್‌ಬೆತ್ ಸಿನಿಮಾದಲ್ಲಿ ತೋರಿಸೇ ಬಿಟ್ಟಿದ್ದಾನೆ ಅಂತ ನಾನು ಅಂದರೆ, ಈ ಹುಡುಗಿ ಎದ್ದು ನಿಂತು, ಅದು ಸರಿಯಿಲ್ಲ ಮೇಡಂ, ಹಿಡಿಯೋಕೆ ಹೋದರೆ ಸಿಗುತ್ತಿಲ್ಲ ಅಂತ ಅವನೇ ಹೇಳುತ್ತಾನೆ, ಆಮೇಲೆ ತನ್ನ ಚೂರಿ ಎಳೆದು ಎರಡೂ ಒಂದೇ ಥರ ಅಂತಾನೆ, ಹಾಗಾದರೆ ನಿಜವಾದದ್ದನ್ನು ಮಾತ್ರ ತೋರಿಸಬೇಕು ಅಂದಳು. ಮೂರನೇ ಚೌಕ ನೋಡಿ. ಬರೀ ಕೈ, ಬೆರಳು ಅರ್ಧ ಮುಚ್ಚಿದೆ. ಏಳರಲ್ಲಿ ಅದೇ ಕೈ, ಅದೇ ಅಳತೆ, ಈಗ ಚೂರಿ ಇದೆ.

ವತ್ಸಲಾ: 🌸 ಶುಭೋದಯ 🌸

ವತ್ಸಲಾ: ಅಯ್ಯೋ ಸಾರಿ, ಜಗಳ ನಡೆಯುತ್ತಿದೆ ಅಂತ ನೋಡಲಿಲ್ಲ. ಮುಂದುವರಿಸಿ.

ನಾಗರಾಜ: ಹುಡುಗಿ ಸಾಲು ಸಾಲು ಓದಿದ್ದಾಳೆ, ಒಪ್ಪಿದೆ. ಅದಕ್ಕೆ ಚಿತ್ರ ಯಾಕೆ ಬೇಕು? ಸಿ.ಡಿ. ನರಸಿಂಹಯ್ಯನವರು ಕೇಂಬ್ರಿಡ್ಜ್‌ನಲ್ಲಿ ವಿಮರ್ಶಕ ಲೀವಿಸ್ ಹತ್ತಿರ ಕಲಿತು ಬಂದು ಮೈಸೂರಲ್ಲಿ ಪಾಠ ಮಾಡಿದರಲ್ಲ, ಪುಸ್ತಕ ಒಂದು ಸಾಲದೇ ಹೋಯಿತಾ?

ರಫೀಕ್: ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಶೈಲಜಾ: ಆ ಲೀವಿಸ್ಸೇ 1933ರಲ್ಲಿ ಡೆನಿಸ್ ಥಾಂಪ್ಸನ್ ಜೊತೆ ಸೇರಿ ಕ್ಲಾಸಲ್ಲಿ ಜಾಹೀರಾತು ಓದಿಸುವ ಪುಸ್ತಕ ಬರೆದದ್ದು. ಮರೆತೆಯಾ?

ನಾಗರಾಜ: ಜಾಹೀರಾತಿಗೆ ಮರುಳಾಗಬೇಡಿ ಅನ್ನೋಕೆ ಬರೆದದ್ದು. ಜಾಹೀರಾತು ಮಾಡಿ ಅಂತಲ್ಲ.

ಶೈಲಜಾ: ಬರ್ಮಿಂಗ್‌ಹ್ಯಾಮ್‌ಗೆ ಏನಂತೀಯ? 1964ರಲ್ಲಿ ಅಲ್ಲಿನ ಯೂನಿವರ್ಸಿಟಿಯಲ್ಲಿ, ಪತ್ರಿಕೆ, ಟೀವಿಯನ್ನೂ ಪಾಠದ ಹಾಗೆ ಓದುವ ಸಂಸ್ಕೃತಿ ಅಧ್ಯಯನ ಕೇಂದ್ರ ಶುರು ಮಾಡಿದ ಹೊಗಾರ್ಟ್ ಇಂಗ್ಲಿಷ್ ಮೇಷ್ಟ್ರೇ. ಅದೇ ಕಾಲಕ್ಕೆ ಅದೇ ಯೂನಿವರ್ಸಿಟಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಅನಂತಮೂರ್ತಿ ಬರ್ಗ್‌ಮನ್ ಸಿನಿಮಾ ನೋಡಿ ಬಂದು ಸಂಸ್ಕಾರ ಬರೆದರು. ಸ್ವೀಡಿಷ್ ಸಿನಿಮಾ, ಸಬ್‌ಟೈಟಲ್ ಕೂಡ ಇರಲಿಲ್ಲ.

ನಾಗರಾಜ: ಮೂರು ಕ್ರೆಡಿಟ್‌ಗೋಸ್ಕರ ನೋಡಿದರಾ? ಇನ್ನು ಲಂಕೇಶರೂ ಇಂಗ್ಲಿಷ್ ಮೇಷ್ಟ್ರು ಅಂತ ಶುರು ಮಾಡುತ್ತೀಯ. ಅವರು ಸಿನಿಮಾ ಮಾಡಿದರು, ಕೆಲಸ ಬಿಟ್ಟರು, 1980ರಲ್ಲಿ ಪತ್ರಿಕೆ ತೆಗೆದರು. ಯಾವ ಸಿಲಬಸ್ಸೂ ಕಲಿಸಿರಲಿಲ್ಲ.

ಶೈಲಜಾ: ಅವರ ಸುತ್ತ ಮಾತಾಡುವ ಜನ ಇದ್ದರು, ನೋಡೋಕೆ ಸಿನಿಮಾ ಇತ್ತು. ಈ ಹುಡುಗಿ ಊರಿನ ಟಾಕೀಸು ಈಗ ಕಲ್ಯಾಣ ಮಂಟಪ. ಕಾಲೇಜು ಬಿಟ್ಟು ಇನ್ನೆಲ್ಲಿ ಸಿಗುತ್ತೆ ಅವಳಿಗೆ ಇದೆಲ್ಲ?

ಬಸವರಾಜ: ನೀವಿಬ್ಬರೂ ಲೀವಿಸ್ ಕೈಲಿ ಪಾಠ ಮಾಡಿಸುತ್ತಿದ್ದೀರಿ, ನನ್ನ ತಲೆನೋವು ವರ್ಕ್‌ಲೋಡು. 2021ರಲ್ಲಿ ಹೊಸ ಶಿಕ್ಷಣ ನೀತಿ ಎನ್‌ಇಪಿ ಬಂದು ಡಿಗ್ರಿ ನಾಲ್ಕು ವರ್ಷ ಅಂದರು, 2024ರಲ್ಲಿ ಮತ್ತೆ ಮೂರೇ ವರ್ಷ ಅಂದರು. ಪ್ರತಿ ಸಲ ಸಿಲಬಸ್ ಹೊಸದು. ಮೀಡಿಯಾ ಪೇಪರ್ ಬಂದರೆ ಜರ್ನಲಿಸಂನವರು ನಮ್ಮದು ಅಂತಾರೆ, ಇಂಗ್ಲಿಷಿನವರು ನಮ್ಮದು ಅಂತಾರೆ, ಕೊನೆಗೆ ಪಾಠ ಮಾಡುವುದು ಅತಿಥಿ ಉಪನ್ಯಾಸಕ, ಅವನಿಗೆ ಸಿಗುವುದು ಬಲ್ಬ್ ಹೋಗಿ ವರ್ಷವಾದ ಒಂದು ಪ್ರೊಜೆಕ್ಟರ್. ಹೋದ ಸಲದ ಪ್ರಶ್ನೆ ಪತ್ರಿಕೆ ನೋಡಿ. [ಫೋಟೋ] ಶಾಟ್‌ಗಳ ವಿಧಗಳನ್ನು ವಿವರಿಸಿ, 10 ಅಂಕ. ನಮ್ಮಲ್ಲೊಬ್ಬ ಪಾಠಕ್ಕೆ ಅಂತ ಒಂದೂ ಸಿನಿಮಾ ನೋಡದೆ ಒಂಬತ್ತು ತೆಗೆದಿದ್ದಾನೆ. ಕ್ಲೋಸಪ್ ಅಂದರೆ ಹತ್ತಿರದಿಂದ ತೆಗೆಯುವುದು. ಬಂತು ಅಂಕ.

ನಾಗರಾಜ: ನೋಡು ಶೈಲಾ. ಇದನ್ನೇ ನಾನು ಹೇಳಿದ್ದು.

ಶೈಲಜಾ: ಇದನ್ನಲ್ಲ ನೀನು ಹೇಳಿದ್ದು. ಮಿಲ್ಟನ್ ಪೇಪರ್‌ನಲ್ಲಿ ನಮಗೂ ಶೈಲಿ ಬಗ್ಗೆ ಟಿಪ್ಪಣಿ ಬರೆಯಿರಿ ಅಂತಲೇ ಕೇಳಿದ್ದು ಅಲ್ವಾ? ನಾನು ಮಿಲ್ಟನ್ ಎರಡು ಪುಟ ಓದಿ ಫಸ್ಟ್ ಕ್ಲಾಸ್ ತೆಗೆದವಳು. ನೀನೂ ಅಷ್ಟೇ. ರಫೀಕ್ ನೋಟ್ಸ್ ಝೆರಾಕ್ಸ್ ಮಾಡಿಸಿದ್ದು ಯಾರು? ಪ್ರಶ್ನೆ ಹಾಳಾದರೆ ಶೇಕ್ಸ್‌ಪಿಯರೂ ಹಾಳು, ಸಿನಿಮಾನೂ ಹಾಳು. ಅದಕ್ಕೇ ನಾನು ಇಂಟರ್ನಲ್ ಅಂಕವನ್ನೆಲ್ಲ ಈ ಹತ್ತು ಚೌಕಕ್ಕೆ ಇಟ್ಟಿದ್ದೇನೆ. ಇದಕ್ಕೆ ಗೈಡ್ ಇಲ್ಲ.

ರಫೀಕ್: ಆ ಝೆರಾಕ್ಸ್ ಆದಮೇಲೆ ನನ್ನ ನೋಟ್ಸ್ ವಾಪಸ್ ಬಂದಿಲ್ಲ, ಇವತ್ತಿನವರೆಗೂ.

ವತ್ಸಲಾ: ಅದಿರಲಿ, ಆ ಹುಡುಗಿಗೆ ಮುಂದೆ ಕೆಲಸ ಸಿಗುತ್ತಾ?

ರಫೀಕ್: ಹೀಗೆ ಸಾಲು ಹಿಡಿದು ಜಗಳ ಆಡುವವರು ನಮಗೆ ಬೇಕು. ಸ್ಕ್ರಿಪ್ಟ್ ತಿದ್ದೋಕೆ, ಸಬ್‌ಟೈಟಲ್ ಮಾಡೋಕೆ. ಆದರೆ ತಿಂಗಳ ಸಂಬಳದ ಕೆಲಸ ಕಡಿಮೆ, ಜಾಸ್ತಿ ಎಲ್ಲ ಫ್ರೀಲ್ಯಾನ್ಸು. ಅಡ್ಮಿಷನ್ ಟೈಮಲ್ಲಿ ಅದನ್ನು ಯಾರೂ ಹೇಳಲ್ಲ.

ಶೈಲಜಾ: ನಾನು ಹೇಳಿದ್ದೇನೆ. ಬಿ.ಇಡಿ.ಯೂ ಮಾಡುತ್ತಾಳಂತೆ.

ಬಸವರಾಜ: ಶೈಲಾ, ಆ ಹಾಳೆಯ ಫೋಟೋ ಸ್ವಲ್ಪ ಬೆಳಕಲ್ಲಿ ತೆಗೆದು ಮತ್ತೆ ಕಳಿಸು. ಝೆರಾಕ್ಸ್ ಮಾಡಿಸಿ ನಮ್ಮ ಹುಡುಗರಿಗೆ ಹಂಚುತ್ತೇನೆ.

ನಾಗರಾಜ: ಒಂದು ನಿಮಿಷ. ಮೂರನೇ ಚೌಕದಲ್ಲಿ ಇರುವುದು ಎಡಗೈ. ಏಳರಲ್ಲಿ ಬಲಗೈ. ಅದೇ ಕೈ ಅಂದೆಯಲ್ಲ?

ಶೈಲಜಾ: ಅಯ್ಯೋ ಹೌದು. ನಾನು ನೋಡೇ ಇರಲಿಲ್ಲ.

ನಾಗರಾಜ: ಬೇಕಂತ ಮಾಡಿದ್ದಾಳಾ, ಕೈತಪ್ಪಾ?

ಶೈಲಜಾ: ನಾಳೆ ಕೇಳುತ್ತೇನೆ.

ನಾಗರಾಜ: ಎಷ್ಟು ಗಂಟೆಗೆ ಮುಗಿಯುತ್ತೆ ಕ್ಲಾಸು?