ಆಹಾರದಲ್ಲೂ 'ಕಣ', ರಕ್ತದಲ್ಲೂ 'ಕಣ': ಬೇರೆ ಪದ ಬೇಕಲ್ವಾ?

ಗೆಳೆಯರೇ,

ಸಾಕುಮೀನಿನ ಆಹಾರಕ್ಕೆ ಸತು, ಸೆಲೆನಿಯಂ, ಕಬ್ಬಿಣವನ್ನು ನ್ಯಾನೋ ರೂಪದಲ್ಲಿ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಬೆರೆಸಿ, ಮೀನಿನ ರಕ್ತದಲ್ಲಿ ಏನು ಬದಲಾಗುತ್ತದೆ ಎಂದು ನೋಡುವ ಸಂಶೋಧನೆಗಳಿವೆ. ಅವುಗಳ ಬಗ್ಗೆ ಮೀನು ಸಾಕುವವರಿಗಾಗಿ ಬರೆಯುತ್ತಿದ್ದೇನೆ. 'ಕಣ' ಎಂಬ ಪದ ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿದೆ.

ನ್ಯಾನೋ ಕಣ ಎನ್ನುತ್ತೇವೆ, ಕೆಂಪು ರಕ್ತಕಣ ಎಂದೂ ಎನ್ನುತ್ತೇವೆ. ಬೇರೆ ಬೇರೆ ಕಡೆ ಇದ್ದರೆ ತೊಂದರೆಯಿಲ್ಲ. ಆದರೆ 'ಕಬ್ಬಿಣದ ಕಣ ಕೊಟ್ಟಾಗ ಕೆಂಪು ಕಣ ಹೆಚ್ಚಿತು' ಎಂದು ಬರೆದರೆ? ತಿಂದ ಕಣವೇ ರಕ್ತಕ್ಕೆ ಹೋಗಿ ರಕ್ತದ ಕಣವಾಯಿತು ಎಂದು ಓದುಗರಿಗೆ ಅನ್ನಿಸುತ್ತದೆ. ನಿಜಕ್ಕೂ ಆಗುವುದೇ ಬೇರೆ. ಕಬ್ಬಿಣ ಹಿಮೋಗ್ಲೋಬಿನ್ ತಯಾರಾಗಲು ಬೇಕು. ಸೆಲೆನಿಯಂ ಒಂದು ಕಿಣ್ವದ ಭಾಗವಾಗಿ ರಕ್ತಕಣದ ಪೊರೆ ಹಾಳಾಗದಂತೆ ಕಾಯುತ್ತದೆ.

ಗಾತ್ರದಲ್ಲೂ ಇವೆರಡಕ್ಕೆ ಹೋಲಿಕೆಯಿಲ್ಲ. ನ್ಯಾನೋ ಕಣ ಎಂದರೆ 1ರಿಂದ 100 ನ್ಯಾನೋಮೀಟರ್. ಮೀನಿನ ಕೆಂಪು ರಕ್ತಕಣದ ಉದ್ದ ಸಾಮಾನ್ಯವಾಗಿ 10 ಮೈಕ್ರೋಮೀಟರ್ ಆಸುಪಾಸು, ಅಂದರೆ 10,000 ನ್ಯಾನೋಮೀಟರ್. ಇನ್ನೊಂದು ಮಾತು. ಮನುಷ್ಯರ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ. ಮೀನಿನದರಲ್ಲಿ ಇರುತ್ತದೆ. ಕೇಂದ್ರವಿರುವ ಪೂರ್ತಿ ಜೀವಕೋಶವನ್ನು ಸುಮ್ನೆ 'ಕಣ' ಎಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. 'ಕೆಂಪು ರಕ್ತಕೋಶ' ಎಂದು ಬರೆದು, ಮೊದಲ ಸಲ ಮಾತ್ರ 'ರಕ್ತಕಣ ಎಂದು ನಾವು ಹೇಳುವುದು ಇದನ್ನೇ' ಎಂದು ಸೇರಿಸೋಣ ಅಂದುಕೊಂಡಿದ್ದೇನೆ. ಶಾಲೆಯ ಪಾಠದಿಂದಲೇ ರಕ್ತಕಣ ಬಾಯಿಗೆ ಬಂದವರಿಗೆ ಇದು ಭಾರವಾಗುತ್ತದೆಯೇ?

'ಪೂರಕ ಆಹಾರ' ಎಂಬುದನ್ನಂತೂ ನಾನು ಬಿಟ್ಟೇಬಿಟ್ಟೆ. ಮೀನು ಸಾಕಣೆಯಲ್ಲಿ ಅದು ಕೊಳದಲ್ಲಿ ತಾನಾಗಿ ಸಿಗುವ ಆಹಾರದ ಜೊತೆಗೆ ಹಾಕುವ ತೌಡು, ಹಿಂಡಿಯ ಹೆಸರು. ಇಲ್ಲಿ ಹೇಳಬೇಕಾದ್ದು ಆಹಾರದೊಳಗೆ ಬೆರೆಸುವ ಚೂರೇ ಚೂರು ಖನಿಜ. ಅದಕ್ಕೆ 'ಖನಿಜ ಪೂರಕ' ಸಾಕು.

ಕೊನೆಯದು, ರಕ್ತದಲ್ಲಿ ಕಾಣುವ ಬದಲಾವಣೆಗೆ ಹೇಳಬಹುದಾದ 'ರಕ್ತವೃದ್ಧಿ'. ಈ ಪದ ಕೇಳಲು ಚೆನ್ನಾಗಿದೆ, ಆದರೆ ನನಗೆ ಭಯ. ಮೀನನ್ನು ಹಿಡಿದು ಗಾಬರಿಪಡಿಸಿದರೆ ಅದರ ಗುಲ್ಮ (ಸ್ಪ್ಲೀನ್) ಎಂಬ ಅಂಗ ಕುಗ್ಗಿ, ಕೂಡಿಟ್ಟ ಕೆಂಪು ಕೋಶಗಳನ್ನು ಹೊರಗೆ ತಳ್ಳುತ್ತದೆ. ಆಗ ರಕ್ತದಲ್ಲಿ ಅವುಗಳ ಪಾಲು ಏರುತ್ತದೆ. ಅದು ಆರೋಗ್ಯವಲ್ಲ, ಒತ್ತಡ. ಜೊತೆಗೆ ಸೆಲೆನಿಯಂ ವಿಷಯದಲ್ಲಿ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. 'ವೃದ್ಧಿ' ಎಂದು ಓದಿದವರು ಜಾಸ್ತಿ ಹಾಕಿದರೆ ಮೀನು ಸಾಯಬಹುದು. 'ರಕ್ತದ ಸ್ಥಿತಿ' ಎಂದರೆ ಏರಿಕೆ, ಇಳಿಕೆ ಎರಡೂ ಅದರೊಳಗೆ ಬರುತ್ತವೆ. ಆದರೆ ಸ್ವಲ್ಪ ಸಪ್ಪೆ. ಇದಕ್ಕಿಂತ ಜೀವವಿರುವ, ಆದರೆ ಆಸೆ ಹುಟ್ಟಿಸದ ಪದ ನಿಮಗೆ ಹೊಳೆದರೆ ಬರೆಯಿರಿ. ಮೀನು ಸಾಕುವವರು ಆಡುವ ಮಾತಾದರೆ ಇನ್ನೂ ಒಳ್ಳೆಯದು.