ಉಳಿದ ಉಲ್ಲನ್ ಉಂಡೆಗಳು, ಕಡೂರಿನ ಕರಿ ಉಣ್ಣೆ: ಎಲ್ಲ ಸೇರಿಸಿ ಒಂದು ಹೊದಿಕೆ ಆಗುತ್ತಾ?

ಬಸವನಹಳ್ಳಿ ಹೆಣಿಗೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿದ ಮೇಲೆ ಇಲ್ಲಿ ಹೊರಗೆ ಹೋಗುವ ಕೆಲಸ ಕಡಿಮೆ. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ದಾರವನ್ನೆಲ್ಲ ತೆಗೆದು ಮಂಚದ ಮೇಲೆ ಹರಡಿಕೊಂಡು ಕೂತಿದ್ದೇನೆ.

ಇರುವುದು ಇಷ್ಟು. ಮಕ್ಕಳಿಗೆ ಸ್ಕೂಲ್ ಸ್ವೆಟರ್ ಹಾಕಿ ಉಳಿದ ನೇವಿ ಬ್ಲೂ, ಮರೂನ್, ಬಾಟಲ್ ಗ್ರೀನ್. ತಂಗಿಯ ಮಗುವಿಗೆ ಕುಲಾವಿ, ಕಾಲುಚೀಲ ಹಾಕಿದಾಗ ಉಳಿದ ತಿಳಿ ಹಳದಿ, ಗುಲಾಬಿ. ಇವೆರಡೂ ತೆಳ್ಳಗಿನ ದಾರ. ಅಪ್ಪನ ಹಳೇ ಕಂದು ಸ್ವೆಟರ್ ಮೊಣಕೈ ಹತ್ತಿರ ಹರಿದಿತ್ತು ಅಂತ ಬಿಚ್ಚಿ ಸುತ್ತಿಟ್ಟ ದೊಡ್ಡ ಉಂಡೆಗಳಿವೆ. ಬಿಳಿ ಹತ್ತಿ ದಾರವೂ ಸ್ವಲ್ಪ ಇದೆ. ಇನ್ನು ಎಲ್ಲಕ್ಕಿಂತ ನನಗೆ ಪ್ರೀತಿಯದ್ದು ಕಡೂರು ಕಡೆಯಿಂದ ತಂದ ಕರಿ ಕುರಿಯ ಉಣ್ಣೆ. ಅದನ್ನು ನಾನೇ ಹಿಂಜಿ, ಹಂಜಿ (ನೂಲಲು ಸುತ್ತಿಟ್ಟ ಸುರುಳಿ) ಮಾಡಿ, ತಕಲಿಯಲ್ಲಿ, ಅಂದರೆ ಕೈಯಲ್ಲಿ ತಿರುಗಿಸುವ ಕದಿರಿನಲ್ಲಿ, ನೂತಿದ್ದೇನೆ. ಒಂದೆಳೆ ನೂಲು. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಕೈಗೆ ಒರಟು, ಆದರೆ ಅದರ ಬಣ್ಣ ನೋಡಬೇಕು ನೀವು! ಪೂರ್ತಿ ಕಪ್ಪಲ್ಲ. ಕಿಟಕಿ ಬೆಳಕಿಗೆ ಹಿಡಿದರೆ ನಡುನಡುವೆ ಕೆಂಚು ಎಳೆ ಕಾಣುತ್ತದೆ.

ಅಮ್ಮ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ. ಗಿರಿ ಕಡೆಯಿಂದ ಶೀತಗಾಳಿ ಬಂತೆಂದರೆ ಮಂಡಿ ಹಿಡಿದುಕೊಳ್ಳುತ್ತದೆ. ಕಾಲ ಮೇಲೆ ಹೊದ್ದುಕೊಳ್ಳಲು ಅವರಿಗೆ ಮೂರಡಿ ಚೌಕದ ಒಂದು ಹೊದಿಕೆ ಹಾಕಿಕೊಡಬೇಕು ಅಂತ ಆಸೆ. ಹೊಸ ದಾರ ತರುವುದಿಲ್ಲ, ಇದರಲ್ಲೇ ಆಗಬೇಕು. ತೇಪೆ ಹಾಕಿದ ಹಾಗೆ ಕಾಣಬಾರದು. ಇಷ್ಟು ಬಗೆಯ ದಾರ ಒಂದರಲ್ಲೇ ಸೇರಿಸಬಹುದಾ? ದಪ್ಪ, ತೆಳು ದಾರಗಳನ್ನು ಹೊಂದಿಸುವುದು ಹೇಗೆ? ಅರ್ಧಕ್ಕೆ ಬಂದ ಮೇಲೆ ದಾರ ಸಾಲದೆ ಹೋದರೆ ಅನ್ನುವ ಚಿಂತೆಯೂ ಇದೆ. ತಿಳಿದವರು ಹೇಳಿ.

ಹಾಸನದ ಕ್ರಾಫ್ಟ್ ಟೀಚರ್

ನಮಸ್ಕಾರಮ್ಮ. ಸ್ಕೂಲಿನಲ್ಲಿ ಹೆಣಿಗೆ ಹೇಳಿಕೊಡುತ್ತಿದ್ದವಳು ನಾನು, ಈಗ ನಿವೃತ್ತಿಯಾಗಿದೆ. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಉಳಿದ ದಾರ ಅಂದರೆ ಎಲ್ಲರೂ ಮೊದಲು ಬಣ್ಣ ಜೋಡಿಸಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಉಂಡೆ ಉಣ್ಣೆ, ಯಾವುದು ಅಕ್ರಿಲಿಕ್ ಅಂತ ಮೊದಲು ಗೊತ್ತಾಗಬೇಕು. ಅಂಗಡಿಯಲ್ಲಿ ಎಲ್ಲವನ್ನೂ ಉಲ್ಲನ್ ಅಂತಲೇ ಕೊಡುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಆದರೆ ಸ್ಕೂಲ್ ಸ್ವೆಟರಿನ ದಾರ ಸಾಮಾನ್ಯವಾಗಿ ಅಕ್ರಿಲಿಕ್. ಒಗೆದಾಗ ಉಣ್ಣೆ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ. ಎರಡನ್ನೂ ಪಟ್ಟಿ ಪಟ್ಟಿಯಾಗಿ ಒಂದೇ ಹೊದಿಕೆಗೆ ಹಾಕಿದರೆ ಅಲ್ಲಲ್ಲಿ ಸುಕ್ಕು ಕಟ್ಟಿ ಎಳೆದುಕೊಳ್ಳುತ್ತದೆ. ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ.

ಕಂಡುಹಿಡಿಯುವುದು ಸುಲಭ. ಪ್ರತಿ ಉಂಡೆಯಿಂದ ಬೆರಳುದ್ದ ದಾರ ಕತ್ತರಿಸಿಕೊಳ್ಳಿ. ಕೆಳಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ಒಂದು ಲೋಟ ನೀರು ಇರಲಿ. ದಾರವನ್ನು ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಗೆ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬೆಂಕಿಯಿಂದ ಆಚೆ ತೆಗೆದರೆ ತಾನಾಗಿ ಆರುತ್ತದೆ. ತಣ್ಣಗಾದ ಮೇಲೆ ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಅಕ್ರಿಲಿಕ್ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಅದನ್ನು ಬಿಸಿಯಿರುವಾಗ ಮುಟ್ಟಬೇಡಿ. ಹತ್ತಿಯದ್ದು ಕಾಗದ ಸುಟ್ಟ ವಾಸನೆ. ಕೂದಲಿನ ವಾಸನೆಯೂ ಬಂದು ಮಣಿಯೂ ಕಟ್ಟಿದರೆ ಅದು ಬೆರಕೆ ದಾರ.

ದಪ್ಪ ಹೊಂದಿಸುವುದಕ್ಕೆ ಸ್ಕೇಲಿನ ಮೇಲೆ ಒಂದು ಇಂಚು ಅಗಲಕ್ಕೆ ದಾರವನ್ನು ಒತ್ತೊತ್ತಾಗಿ ಸುತ್ತಿ, ಎಷ್ಟು ಸುತ್ತು ಬಂತು ಎಣಿಸಿ. ಮಗುವಿನ ದಾರವನ್ನು ಜೋಡಿ ಹಿಡಿದು ಸುತ್ತಿದಾಗ ಸ್ಕೂಲ್ ಸ್ವೆಟರಿನ ದಾರದ ಹತ್ತಿರ ಬಂದರೆ ಸಾಕು. ಹಳದಿ ಒಂದೆಳೆ, ಗುಲಾಬಿ ಒಂದೆಳೆ ಕೂಡಿಸಿ ಹಾಕಿ. ಎರಡು ಬಣ್ಣ ಬೆರೆತು ಮೃದುವಾಗಿ ಕಾಣುತ್ತದೆ, ತೇಪೆ ಅನ್ನಿಸುವುದಿಲ್ಲ.

ಈಗ ಹೆಣಿಗೆ. ಲಾಗ್ ಕ್ಯಾಬಿನ್ ಅನ್ನುವ ಬಗೆ ಉಳಿದ ದಾರಕ್ಕೆ ಹೇಳಿ ಮಾಡಿಸಿದ್ದು. 8ನೇ ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರಿನದ್ದು, ತೆಗೆದುಕೊಳ್ಳಿ. 20 ಕುಣಿಕೆ ಎತ್ತಿ, ಎರಡೂ ಕಡೆ ಬರೀ ನಿಟ್ (ಸೀದಾ ಹೆಣಿಗೆ) ಹಾಕುತ್ತಾ 40 ಸಾಲು ಹೆಣೆಯಿರಿ. ಎರಡು ಸಾಲಿಗೆ ಒಂದು ಏರು ಕಾಣುತ್ತದಲ್ಲ, ಅಂಥ 20 ಏರು ಬರುತ್ತದೆ. ಈ ಹೆಣಿಗೆಯಲ್ಲಿ ಕುಣಿಕೆ ಎಷ್ಟೋ ಏರು ಅಷ್ಟೇ ಆದರೆ ಹೆಚ್ಚುಕಮ್ಮಿ ಸರಿಯಾದ ಚೌಕ. ಕುಣಿಕೆ ಮುಚ್ಚುತ್ತಾ ಬಂದು ಕೊನೆಯದನ್ನು ಮಾತ್ರ ಕಡ್ಡಿಯಲ್ಲೇ ಉಳಿಸಿಕೊಳ್ಳಿ. ಚೌಕದ ಎಡ ಅಂಚು ಮೇಲೆ ಬರುವ ಹಾಗೆ ತಿರುಗಿಸಿ, ಆ ಅಂಚಿನಿಂದ ಏರಿಗೆ ಒಂದರಂತೆ ಕುಣಿಕೆ ಎತ್ತಿಕೊಂಡು ಹೊಸ ಬಣ್ಣದ ಪಟ್ಟಿ ಶುರು ಮಾಡಿ. ಪಟ್ಟಿ ಮುಗಿದಾಗ ಮತ್ತೆ ಹಾಗೇ ತಿರುಗಿಸಿ. ನಡುವಿನಿಂದ ಸುತ್ತ ಬೆಳೆಯುತ್ತಾ ಹೋಗುತ್ತದೆ, ಹೊಲಿದು ಜೋಡಿಸುವ ಕೆಲಸವೇ ಇಲ್ಲ. ದಾರ ಎಲ್ಲಿ ಮುಗಿದರೂ ಅಲ್ಲಿಗೇ ನಿಲ್ಲಿಸಿ ಅಂಚು ಹಾಕಬಹುದು. ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿ ನೇವಿ ಬ್ಲೂ ಬರಲಿ. ಆ ಒಂದು ಬಣ್ಣ ಉಳಿದದ್ದನ್ನೆಲ್ಲ ಹಿಡಿದು ನಿಲ್ಲಿಸುತ್ತದೆ.

ಸಾಲುತ್ತದಾ ಅಂತ ಕೇಳಿದ್ದೀರಿ. 10 ಸೆಂಟಿಮೀಟರ್ ಚೌಕದ ಒಂದು ತುಂಡು ಹೆಣೆದು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಮೂರಡಿ ಅಂದರೆ ಸುಮಾರು 90 ಸೆಂಟಿಮೀಟರ್. ಅಂಥ ತುಂಡು 81 ಬೇಕು. ಒಂದು ತುಂಡು 6 ಗ್ರಾಂ ತೂಗಿದರೆ ಒಟ್ಟು 486 ಗ್ರಾಂ. ನಿಮ್ಮ ಉಂಡೆಗಳನ್ನೂ ತೂಗಿ ನೋಡಿಬಿಡಿ. ಪಟ್ಟಿ ಹೆಣೆಯುವಾಗ, ಕುಣಿಕೆ ಮುಚ್ಚುವುದಕ್ಕೆ ಪಟ್ಟಿಯ ಉದ್ದದ ನಾಲ್ಕರಷ್ಟು ದಾರ ಉಳಿದಿದೆಯಾ ಅಂತ ನೋಡಿಕೊಳ್ಳುತ್ತಿರಿ.

ಇನ್ನೊಂದು. ಅಕ್ರಿಲಿಕ್ ಹೊದಿಕೆಗೆ ಇಸ್ತ್ರಿ ಬೇಡವೇ ಬೇಡ. ಒಂದು ಸಲ ಬಿಸಿ ತಾಗಿ ಸೊರಗಿದರೆ ದಾರದ ಪುಟಿತ ಮತ್ತೆ ಬರುವುದಿಲ್ಲ.

ಕಡೂರು ಕುರಿಹಟ್ಟಿ

ಅಕ್ಕಾ, ನಮ್ಮ ಕಡೆಯ ತುಪ್ಪಟ (ಕುರಿಯಿಂದ ಕತ್ತರಿಸಿದ ಉಣ್ಣೆ) ನಿಮ್ಮ ತಕಲಿ ಹತ್ತಿದ್ದು ಓದಿ ಮನಸ್ಸಿಗೆ ಬಹಳ ಹಿತವಾಯಿತು. ನಮ್ಮದು ಕುರುಬರ ಮನೆ. ಅಜ್ಜಿ ನೂಲುತ್ತಿದ್ದರು, ಅಜ್ಜ ಕಂಬಳಿ ನೇಯುತ್ತಿದ್ದರು. ಮಗ್ಗದ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವ ದಿನ ಮನೆ ಮುಂದೆಲ್ಲ ಅದೇ ವಾಸನೆ. ಈಗ ಎಷ್ಟೋ ಕಡೆ ಕತ್ತರಿಸಿದ ತುಪ್ಪಟಕ್ಕೆ ಕೂಲಿಯೂ ಹುಟ್ಟುವುದಿಲ್ಲ ಅಂತ ಹಾಗೇ ಬಿಟ್ಟುಬಿಡುತ್ತಾರೆ. ನೀವು ಅದನ್ನು ಕೂತು ಹಿಂಜಿ ನೂತಿದ್ದೀರಿ ಅಂದರೆ ದೊಡ್ಡ ಮಾತು.

ಟೀಚರ್ ಹೇಳಿದ್ದು ಸರಿ. ಕರಿ ಉಣ್ಣೆಯನ್ನು ಅಕ್ರಿಲಿಕ್ ಜೊತೆ ಸೇರಿಸಬೇಡಿ. ಈ ಉಣ್ಣೆ ಇರುವುದೇ ಕಂಬಳಿಗೆ. ಒರಟು, ಬರಿ ಮೈಗೆ ತಾಗಿದರೆ ಚುಚ್ಚುತ್ತದೆ. ಅಮ್ಮನವರ ಕಾಲ ಮೇಲೆ ಹಾಕುವುದಕ್ಕಿಂತ ಅವರು ಕೂರುವ ಜಾಗಕ್ಕೆ ಒಂದು ದಪ್ಪ ಆಸನ ಮಾಡಿ. ಮಳೆಗಾಲದಲ್ಲಿ ಜಗಲಿಯ ಕಲ್ಲು ಹೇಗೆ ತಣ್ಣಗೆ ಕೊರೆಯುತ್ತದೆ ನಿಮಗೇ ಗೊತ್ತಲ್ಲ.

ಒಂದೆಳೆ ನೂಲಿನಲ್ಲಿ ನೇರವಾಗಿ ಹೆಣೆದರೆ ಬಟ್ಟೆ ಓರೆಯಾಗಿ ಎಳೆಯುತ್ತದೆ. ಮೊದಲು ಹುರಿ ಹಾಕಿ, ಅಂದರೆ ಎರಡೆಳೆ ಸೇರಿಸಿ ಒಂದಾಗಿ ತಿರುಚಿ. ಒಂದೇ ಉಂಡೆ ಇದ್ದರೂ ತೊಂದರೆ ಇಲ್ಲ, ಅದರ ಒಳತುದಿ ಹೊರತುದಿ ಎರಡನ್ನೂ ಜೋಡಿಸಿಕೊಂಡು ತಕಲಿಗೆ ಕಟ್ಟಿ. ನೂಲುವಾಗ ಬಲಕ್ಕೆ ತಿರುಗಿಸಿದ್ದರೆ ಹುರಿ ಹಾಕುವಾಗ ಎಡಕ್ಕೆ. ಸರಿಯಾಯಿತಾ ಅಂತ ನೋಡಲು ಒಂದು ಮೊಳದಷ್ಟು ಬಿಟ್ಟು, ಎರಡು ತುದಿ ಸೇರಿಸಿ ಕುಣಿಕೆಯಂತೆ ಇಳಿಬಿಡಿ. ಸುಮ್ನೆ ಜೋತು ನಿಂತರೆ ಹುರಿ ಹದವಾಗಿದೆ. ತನ್ನಷ್ಟಕ್ಕೆ ತಾನೇ ಸುತ್ತಿಕೊಂಡರೆ ಹುರಿ ಜಾಸ್ತಿಯೋ ಕಡಿಮೆಯೋ ಆಗಿದೆ ಅಂತ ಅರ್ಥ.

ನಡುವೆ ನೂಲು ಮುಗಿದರೆ ಗಂಟು ಹಾಕಬೇಡಿ. ಎರಡೂ ತುದಿಯ ಎಳೆ ಬಿಡಿಸಿ, ಒಂದರ ಮೇಲೊಂದು ಇಟ್ಟು, ನೀರು ಚಿಮುಕಿಸಿ ಅಂಗೈಯಲ್ಲಿ ಬಿಸಿಯಾಗುವ ತನಕ ಉಜ್ಜಿ. ಎರಡೂ ಒಂದಾಗಿ ಕೂತುಬಿಡುತ್ತವೆ. ಅಕ್ರಿಲಿಕ್ಕಿಗೆ ಈ ಉಪಾಯ ನಡೆಯುವುದಿಲ್ಲ. ತೊಳೆಯುವುದಕ್ಕೆ ಅಂಟುವಾಳದ ನೀರು ಸಾಕು. ಉಗುರುಬೆಚ್ಚಗಿರಲಿ, ಹಿಂಡಬೇಡಿ. ಆಸನ ದಪ್ಪ ಆಗಲಿ ಅಂತಿದ್ದರೆ ಮಾತ್ರ ದೊಡ್ಡದಾಗಿ ಹೆಣೆದು, ಬಿಸಿನೀರಲ್ಲಿ ಸೋಪು ಹಾಕಿ ಚೆನ್ನಾಗಿ ತುಳಿಯಿರಿ. ಕುಗ್ಗಿ ಒತ್ತಾಗುತ್ತದೆ. ಅಪ್ಪಾಜಿಯವರ ಕಂದು ದಾರ ಉಣ್ಣೆಯಾಗಿದ್ದರೆ ಅದನ್ನೂ ಕರಿಯದರ ಜೊತೆ ಹಿಡಿಯಬಹುದು. ಆದರೆ ಕೆಲವು ಅಂಗಡಿ ಉಣ್ಣೆ ಕುಗ್ಗದ ಹಾಗೆ ಮಾಡಿರುತ್ತಾರೆ. ಒಂದು ತುಂಡು ಹೆಣೆದು ಬಿಸಿನೀರಿಗೆ ಹಾಕಿ ನೋಡಿ.

ಸಕಲೇಶಪುರ ಕ್ರೋಶಾ

ಅಕ್ಕ, ಬಿಳಿ ಹತ್ತಿ ದಾರದ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಹಾಕಿ. ಜೋಡಿ ದಾರ ಹಿಡಿದು ಒತ್ತಾಗಿ ಕ್ರೋಶಾ ಮಾಡಿದರೆ ಕೈ ಸುಡುವುದಿಲ್ಲ. ಅಕ್ರಿಲಿಕ್ ಉಳಿಯಿತು ಅಂತ ಅದರಲ್ಲಿ ಮಾತ್ರ ಮಸಿಬಟ್ಟೆ ಹಾಕಬೇಡಿ. ಕಾದ ಪಾತ್ರೆಗೆ ಕರಗಿ ಕೈಗೆ ಅಂಟಿಕೊಳ್ಳುತ್ತದೆ.

ಬಿಚ್ಚಿದ ದಾರ ಗುಂಗುರಾಗಿರುತ್ತೆ ಅಲ್ವಾ? ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೇತುಹಾಕಿ. ಕೆಳಗೆ ಹಗುರವಾದದ್ದೇನಾದರೂ ಸಿಕ್ಕಿಸಿದರೆ ಸಾಕು. ನಮ್ಮ ಕಡೆಯ ಮಳೆಯಲ್ಲಿ ಲಡಿ ಒಣಗುವುದು ನಿಧಾನ. ಒಳಗೆ ಸ್ವಲ್ಪವೂ ತೇವ ಇರುವಾಗ ಡಬ್ಬಿಗೆ ಹಾಕಬೇಡಿ, ಬೂಸ್ಟು ಬರುತ್ತೆ. ಉಣ್ಣೆಗೆ ನುಸಿ ಕಾಟ ಬೇರೆ. ಒಗೆದು ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಬಿಸಿಲು ಬಂದಾಗಲೆಲ್ಲ ತೆಗೆದು ಕೊಡವಿ ಹಾಕಿ. ಹಿಂದೆ ಕಂಬಳಿಗಳನ್ನು ಒಲೆಯ ಹೊಗೆ ಆಡುವ ಅಟ್ಟದಲ್ಲಿ ಇಡುತ್ತಿದ್ದರು. ಉಣ್ಣೆಗೆ ಅದು ಸರಿ, ಅಕ್ರಿಲಿಕ್ ಹೊದಿಕೆಯನ್ನು ಬೆಂಕಿ ಹತ್ತಿರ ಇಡಬೇಡಿ. ಅಮ್ಮ ಒಲೆ ಮುಂದೆ ಕೂರುವಾಗಲೂ ಅದನ್ನು ತೆಗೆದಿಡಲಿ.

ಕತ್ತರಿಸಿದ ಚೂರುಗಳನ್ನು ಎಸೆಯಬೇಡಿ. ಒಂದು ಚೀಲದಲ್ಲಿ ಕೂಡಿಡಿ, ಮಗುವಿನ ಬೊಂಬೆಗೋ ಸಣ್ಣ ದಿಂಬಿಗೋ ತುಂಬಬಹುದು.

ಬಸವನಹಳ್ಳಿ ಹೆಣಿಗೆ, ಚಿಕ್ಕಮಗಳೂರು

ಟೀಚರ್, ಅಣ್ಣ, ಸಕಲೇಶಪುರದ ತಂಗಿ, ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸುಟ್ಟು ನೋಡಿದೆ. ಸ್ಕೂಲ್ ಬಣ್ಣದವೂ ಮಗುವಿನವೂ ಎಲ್ಲ ಅಕ್ರಿಲಿಕ್. ಅಪ್ಪನದು ಅಪ್ಪಟ ಉಣ್ಣೆ, ತುಂಡನ್ನು ಬಿಸಿನೀರಿಗೆ ಹಾಕಿದರೆ ಚೆನ್ನಾಗಿ ಕುಗ್ಗಿತು. ಹಾಗಾಗಿ ಎರಡು ಕೆಲಸ ಶುರುವಾಗಿದೆ. ಅಕ್ರಿಲಿಕ್ಕಿನಲ್ಲಿ ಹೊದಿಕೆ, ತೂಗಿದರೆ 550 ಗ್ರಾಂ ಇದೆ, ಸಾಲುತ್ತದೆ. ಕರಿ ನೂಲು, ಕಂದು ದಾರ ಜೋಡಿ ಹಿಡಿದು ಜಗಲಿಗೆ ಆಸನ. ಹುರಿ ಹಾಕಿದ ಮೇಲೆ ಆ ಕರಿ ನೂಲು ಎಷ್ಟು ದುಂಡಗೆ ಕೂತಿದೆ ಅಂದರೆ ಅಮ್ಮ ಪೇಪರ್ ಬಿಟ್ಟು ಅದನ್ನೇ ಸವರಿ ಸವರಿ ನೋಡಿದರು.

ಟೀಚರ್, ಒಂದು ಕೇಳಬೇಕು. ಎರಡನೇ ಪಟ್ಟಿಗೆ ಕುಣಿಕೆ ಎತ್ತುವಾಗ ಮೊದಲ ಪಟ್ಟಿಯ ಅಂಚು ಮುಗಿದು ನಡುವಿನ ಚೌಕದ ಅಂಚು ಶುರುವಾಗುವ ಜಾಗದಲ್ಲಿ ಸಣ್ಣ ತೂತು ಬೀಳುತ್ತಿದೆ. ಏನು ಮಾಡಲಿ?

ಹಾಸನದ ಕ್ರಾಫ್ಟ್ ಟೀಚರ್

ಆ ಸಂದಿಯಲ್ಲಿ ಒಂದು ಕುಣಿಕೆ ಹೆಚ್ಚಿಗೆ ಎತ್ತಿಕೊಳ್ಳಿ. ಮುಂದಿನ ಸಾಲಿನಲ್ಲಿ ಅದನ್ನೂ ಪಕ್ಕದ್ದನ್ನೂ ಸೇರಿಸಿ ಒಂದೇ ನಿಟ್ ಹಾಕಿ. ಲೆಕ್ಕವೂ ಸರಿಹೋಗುತ್ತದೆ, ತೂತೂ ಮುಚ್ಚುತ್ತದೆ. ನಡುವಿನ ಚೌಕದ ಕೆಳ ಅಂಚಿನಲ್ಲಿ ಏರು ಇರುವುದಿಲ್ಲ, ಶುರುವಿನಲ್ಲಿ ಎತ್ತಿದ ಕುಣಿಕೆಗಳೇ ಇರುತ್ತವೆ. ಅಲ್ಲಿ ಕುಣಿಕೆಗೆ ಒಂದರಂತೆ ಎತ್ತಿ. ನಾಲ್ಕು ಪಟ್ಟಿ ಆದ ಮೇಲೆ ನೆಲದ ಮೇಲೆ ಹಾಸಿ ಫೋಟೋ ಹಾಕಿ, ಮೂಲೆ ಎಳೆದಿದೆಯಾ ನೋಡಿ ಹೇಳುತ್ತೇನೆ.