ಸಹಾಯ ಬೇಕು: ಚೆಕ್ ಬೌನ್ಸ್ ನೋಟಿಸ್ 'ಮನೆ ಬೀಗ' ಅಂತ ವಾಪಸ್ ಬಂದಿದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಅಕ್ಕ ಒಬ್ಬರು ಬೆಲ್ಲ ಮಾರಿದ್ದಕ್ಕೆ ದಾವಣಗೆರೆಯ ವ್ಯಾಪಾರಿ 1,85,000 ರೂಪಾಯಿ ಚೆಕ್ ಕೊಟ್ಟಿದ್ದರು. ಖಾತೆಯಲ್ಲಿ ಹಣವಿಲ್ಲ ಎಂಬ ಬ್ಯಾಂಕ್ ಮೆಮೊ ಮೇ 6ಕ್ಕೆ ಬಂತು. ಚೆಕ್ ಬೌನ್ಸ್‌ಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಂತೆ 30 ದಿನದೊಳಗೆ ನೋಟಿಸ್ ಹೋಗಬೇಕು, ಮೇ 20ಕ್ಕೇ ಕಳಿಸಿದ್ದಾರೆ. ಚೆಕ್ಕಿನ ಮೊತ್ತವನ್ನಷ್ಟೇ ಕೇಳಿದ್ದಾರೆ. ಬಡ್ಡಿ, ಖರ್ಚು ಎಲ್ಲ ಬೆರೆಸಿ ಒಂದೇ ಮೊತ್ತ ಕೇಳಿದರೆ ನೋಟಿಸೇ ಬಿದ್ದುಹೋಗುತ್ತದೆ, ಆ ತಪ್ಪಾಗಿಲ್ಲ.

ತೊಡಕಿರುವುದು ಇಲ್ಲಿ. ಅಂಚೆಯವರು ಮೇ 23ಕ್ಕೆ ಮೊದಲ ಸಲ ಹೋಗಿದ್ದಾರೆ, ಲಕೋಟೆ ಮೇ 29ಕ್ಕೆ ವಾಪಸ್ ಬಂದಿದೆ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದಂತೆಯೇ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಆದರೆ ಹಣ ಕಟ್ಟಲು ಕೊಡುವ 15 ದಿನವನ್ನು ಯಾವ ತಾರೀಖಿನಿಂದ ಎಣಿಸಬೇಕು, 23ರಿಂದಲೋ 29ರಿಂದಲೋ? ಆ 15 ದಿನ ಮುಗಿಯುವ ಮೊದಲೇ ದೂರು ಕೊಟ್ಟರೆ ನಿಲ್ಲುವುದಿಲ್ಲ. ಮುಗಿದ ಮೇಲೆ ಒಂದು ತಿಂಗಳು ದಾಟಿದರೆ ತಡಕ್ಕೆ ಕಾರಣ ತೋರಿಸಿ ಕೋರ್ಟನ್ನು ಬೇಡಿಕೊಳ್ಳಬೇಕು. ಎರಡೂ ಲೆಕ್ಕಕ್ಕೆ ಹೊಂದುವಂತೆ ಜೂನ್ 20ರ ಸುಮಾರಿಗೆ ಹಾಕಿದರೆ ಕ್ಷೇಮ ಅಂತ ನನ್ನ ಅಂದಾಜು. ಇಂಥ ಕೇಸು ನಡೆಸಿದ ವಕೀಲರು ದಯವಿಟ್ಟು ಸರಿಯೋ ತಪ್ಪೋ ಹೇಳಿ.

ಚೆಕ್ ಹಾಕಿದ್ದು ಅಕ್ಕನ ಮಂಡ್ಯದ ಬ್ಯಾಂಕ್ ಖಾತೆಗೆ, ಹಾಗಾಗಿ ಅದೇ ಕಾಯ್ದೆಯ 2015ರ ತಿದ್ದುಪಡಿಯಂತೆ ಕೇಸು ಮಂಡ್ಯದಲ್ಲೇ ಹಾಕಬಹುದು. ಮಹಿಳೆಯಾದ್ದರಿಂದ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಅರ್ಜಿಯ ಜೊತೆ ಏನೇನು ದಾಖಲೆ ಕೇಳುತ್ತಾರೆ, ವಕೀಲರು ಸಿಗಲು ಎಷ್ಟು ದಿನ ಹಿಡಿಯುತ್ತದೆ ಗೊತ್ತಿದ್ದವರು ತಿಳಿಸಿ. ಚೆಕ್, ಮೆಮೊ, ನೋಟಿಸ್ ಪ್ರತಿ, ವಾಪಸ್ ಬಂದ ಲಕೋಟೆ (ಒಡೆದಿಲ್ಲ), ಬೆಲ್ಲದ ಬಿಲ್ಲು ಎಲ್ಲ ಇವೆ.